ಪುಟ್ಟ ಮಿಯಾಟಾದಲ್ಲಿ ಬೆಟ್ಟ, ಕಡಲು: ಸಾರಟೋಗದಿಂದ ಸಾರಟೋಗಕ್ಕೆ ಒಂದು ದಿನದ ಸುತ್ತು

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಗೆಳೆಯರು ಒಂದು ದಿನದ ಡ್ರೈವ್‌ಗೆ ಎಲ್ಲಿಗೆ ಹೋಗೋಣ ಅಂತ ಕೇಳಿದಾಗಲೆಲ್ಲ ನಾನು ಹೇಳುವುದು ಈ ಸುತ್ತನ್ನೇ. ಸಾರಟೋಗದಿಂದ ಹೈವೇ 9ರಲ್ಲಿ ಬೆಟ್ಟ ಹತ್ತಿ, ಮೇಲೆ ಸ್ಕೈಲೈನ್ ಬುಲೆವಾರ್ಡ್ ಹಿಡಿದು ಉತ್ತರಕ್ಕೆ ಹೋಗಿ, ಹೈವೇ 84ರಲ್ಲಿ ಕಡಲಿನ ಕಡೆ ಇಳಿದು, ಹೈವೇ 1ರಲ್ಲಿ ದಕ್ಷಿಣಕ್ಕೆ ಸ್ಯಾಂಟಾ ಕ್ರೂಜ್ ತನಕ ಬಂದು, ಮತ್ತೆ ಹೈವೇ 9ರಲ್ಲೇ ಕಾಡಿನೊಳಗಿಂದ ವಾಪಸ್. ಎಲ್ಲ ಸೇರಿ 110ರಿಂದ 120 ಮೈಲಿ. ಮ್ಯಾಪಿನಲ್ಲಿ ನಾಲ್ಕು ಗಂಟೆ ಅಂತ ತೋರಿಸಿದರೂ ಇಡೀ ದಿನ ಇಟ್ಟುಕೊಳ್ಳಿ, ಯಾಕೆಂದರೆ ನಿಲ್ಲಿಸಬೇಕು ಅನ್ನಿಸುವ ಜಾಗಗಳು ಅಷ್ಟಿವೆ.

ಯಾವ ಕಾರಿನಲ್ಲಾದರೂ ಹೋಗಬಹುದು. ಆದರೆ ನನ್ನ ಹತ್ತಿರ ಇರುವುದು ಮಾಜ್ದಾ ಮಿಯಾಟಾ, 2019ರ ಮಾಡೆಲ್, ಸೆಕೆಂಡ್ ಹ್ಯಾಂಡ್. ಎರಡೇ ಸೀಟು, ಬಟ್ಟೆಯ ಟಾಪ್, ಆರು ಗೇರಿನ ಮ್ಯಾನುಯಲ್. ಈ ರಸ್ತೆ, ಈ ಕಾರು ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದ ಹಾಗಿವೆ. ಅದಕ್ಕೇ ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಕಾರಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಮಿಯಾಟಾ ಮೊದಲು ಕಾಣಿಸಿಕೊಂಡಿದ್ದು 1989ರ ಶಿಕಾಗೋ ಆಟೋ ಶೋನಲ್ಲಿ. ಹತ್ತು ಲಕ್ಷದ ಕಾರು ಹೊರಬಂದಿದ್ದು 2016ರಲ್ಲಿ. ಅಮೆರಿಕದ ಹೊರಗೆ ಹೆಚ್ಚಿನ ಕಡೆ ಇದನ್ನು ಎಂಎಕ್ಸ್-5 ಅನ್ನುತ್ತಾರೆ. ಭಾರತದಲ್ಲಿ ಮಾಜ್ದಾ ಕಾರು ಮಾರುವುದಿಲ್ಲವಾದ್ದರಿಂದ ನಮ್ಮ ಕಡೆಯವರು ಬಹಳ ಜನ ಇದನ್ನು ನೋಡುವುದು ಹೊರದೇಶಕ್ಕೆ ಬಂದ ಮೇಲೇ. ಉದ್ದ 3.9 ಮೀಟರ್, ಅಂದರೆ ನಮ್ಮೂರ ಸ್ವಿಫ್ಟ್‌ಗಿಂತ ಒಂಚೂರು ಜಾಸ್ತಿ ಅಷ್ಟೇ. ತೂಕ 1,100 ಕೆಜಿಗೂ ಕಡಿಮೆ. ಎರಡು ಲೀಟರ್ ಎಂಜಿನ್, 181 ಕುದುರೆ ಶಕ್ತಿ. ಇವತ್ತಿನ ಎಲೆಕ್ಟ್ರಿಕ್ ಕಾರುಗಳ ಎದುರು ಈ ಸಂಖ್ಯೆ ಏನೂ ಅಲ್ಲ, ಸಿಗ್ನಲ್ಲಿನಲ್ಲಿ ಪಕ್ಕದ ಟೆಸ್ಲಾ ಸದ್ದಿಲ್ಲದೆ ಮುಂದೆ ಹೋಗಿಬಿಡುತ್ತದೆ. ಹೋಗಲಿ ಬಿಡಿ. ಈ ಕಾರಿನಲ್ಲಿ ಗಂಟೆಗೆ 35 ಮೈಲಿ ವೇಗದಲ್ಲೇ ಪೂರ್ತಿ ಖುಷಿ ಸಿಗುತ್ತದೆ, ಅದೂ ಕಾನೂನು ಮೀರದೆ, ಪಕ್ಕದಲ್ಲಿ ಕೂತವರನ್ನು ಹೆದರಿಸದೆ. ನಾನು ಇದನ್ನು ಇಷ್ಟಪಡುವುದಕ್ಕೆ ಮುಖ್ಯ ಕಾರಣ ಇದೇ.

ನಮ್ಮವರಿಗೆ ಇದರಲ್ಲಿ ಇನ್ನೊಂದು ಅನುಕೂಲ ಇದೆ. ಊರಲ್ಲಿ ಡ್ರೈವಿಂಗ್ ಕಲಿತವರು ಹೆಚ್ಚಿನವರು ಕ್ಲಚ್ ತುಳಿದೇ ಕಲಿತವರು. ಇಲ್ಲಿ ಗೇರು ಬಲಗೈಗೆ ಬರುತ್ತದೆ, ಅಷ್ಟೇ ವ್ಯತ್ಯಾಸ, ಕಾಲಿನ ಕೆಲಸ ಅದೇ. ಮಿಯಾಟಾದ ಗೇರ್ ಲಿವರ್ ಗಿಡ್ಡ, ಮಣಿಕಟ್ಟು ಆಡಿಸಿದರೆ ಸಾಕು, ಟಕ್ ಅಂತ ಬೀಳುತ್ತದೆ. ವರ್ಷಗಟ್ಟಲೆ ಆಟೋಮ್ಯಾಟಿಕ್ ಓಡಿಸಿದ ಮೇಲೆ ಇದಕ್ಕೆ ಬಂದರೆ ಎಡಗಾಲಿಗೆ ಮತ್ತೆ ಕೆಲಸ ಸಿಕ್ಕ ಖುಷಿಯೇ ಬೇರೆ. ಆಫೀಸಿಗೂ ನಾನು ಇದರಲ್ಲೇ ಹೋಗುವುದು. ದಿನದ ಮೀಟಿಂಗ್‌ಗಳೆಲ್ಲ ಮುಗಿದು ಪಾರ್ಕಿಂಗ್ ಲಾಟಿಗೆ ಬಂದು, ಕೂತಲ್ಲಿಂದಲೇ ಕೈ ಎತ್ತಿ ಕನ್ನಡಿ ಹತ್ತಿರದ ಲ್ಯಾಚ್ ಬಿಡಿಸಿ, ಟಾಪನ್ನು ತಲೆ ಮೇಲಿಂದ ಹಿಂದಕ್ಕೆ ತಳ್ಳಿ, ಕ್ಲಿಕ್ ಅನ್ನುವ ತನಕ ಒತ್ತಿದರೆ ಆಯಿತು. ಮೋಟಾರಿಲ್ಲ, ಕಾಯುವುದಿಲ್ಲ. ಸಿಗ್ನಲ್ ಕೆಂಪಿರುವಾಗಲೇ ಮುಗಿಯುವ ಕೆಲಸ.

ಈಗ ದಾರಿ. ನಾನು ಹೇಳಿದ ದಿಕ್ಕಿನಲ್ಲೇ ಹೋಗಿ, ತಿರುಗಿಸಬೇಡಿ. ಬೆಳಿಗ್ಗೆ ಬೆಟ್ಟ ಹತ್ತುವಾಗ ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ಸಂಜೆ ಸಾರಟೋಗಕ್ಕೆ ಇಳಿಯುವಾಗಲೂ ಬೆನ್ನ ಹಿಂದೆಯೇ. ಟಾಪ್ ತೆಗೆದ ಕಾರಿನಲ್ಲಿ, ಗಾಜು ಇಷ್ಟು ತಗ್ಗಿನಲ್ಲಿರುವಾಗ, ಇದು ಸಣ್ಣ ವಿಷಯ ಅಲ್ಲ. ಎರಡನೆಯದು, ಹೈವೇ 1ರಲ್ಲಿ ದಕ್ಷಿಣಕ್ಕೆ ಬರುವಾಗ ಕಡಲು ನಮ್ಮ ಬಲಕ್ಕೆ ಬರುತ್ತದೆ. ಇಲ್ಲಿ ಬಲಬದಿಯಲ್ಲೇ ಓಡಿಸುವುದರಿಂದ ಬೀಚ್ ಕಂಡ ಕಡೆ ಸಲೀಸಾಗಿ ಒಳಗೆ ತಿರುಗಬಹುದು. ಎದುರಿನಿಂದ ಬರುವ ವಾಹನಗಳನ್ನು ಕಾದು ಎಡಕ್ಕೆ ದಾಟುವ ತಲೆನೋವಿಲ್ಲ.

ಪೆಟ್ರೋಲನ್ನು ಹೊರಡುವ ಮೊದಲೇ ಫುಲ್ ಮಾಡಿಸಿ. ಟ್ಯಾಂಕ್ 11.9 ಗ್ಯಾಲನ್, ಗ್ಯಾಲನ್ನಿಗೆ 30 ಮೈಲಿ ಆಸುಪಾಸು ಕೊಡುತ್ತದೆ, ಹಾಗಾಗಿ ಸುತ್ತು ಮುಗಿದ ಮೇಲೂ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ನಾನು 91 ಆಕ್ಟೇನ್ ಹಾಕಿಸುತ್ತೇನೆ. ಟೈರ್ ಗಾಳಿಯನ್ನು ತಣ್ಣಗಿರುವಾಗಲೇ ನೋಡಿಕೊಳ್ಳಿ. ಈ ಕಾರಿನಲ್ಲಿ ಸ್ಟೆಪ್ನಿ ಇಲ್ಲ, ಪಂಕ್ಚರ್ ಕಿಟ್ ಮಾತ್ರ. ಬೆಟ್ಟದಲ್ಲೂ, ಹೈವೇ 84ರಲ್ಲಿ ಸಿಗುವ ಲಾ ಹೋಂಡಾ ಊರಿನ ಸುತ್ತಮುತ್ತಲೂ ಮೊಬೈಲ್ ಸಿಗ್ನಲ್ ಸಿಗದ ಜಾಗಗಳು ಬೇಕಾದಷ್ಟಿವೆ, ಆದ್ದರಿಂದ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮಳೆಗಾಲದಲ್ಲಿ, ಅಂದರೆ ಇಲ್ಲಿ ಡಿಸೆಂಬರಿನಿಂದ ಮಾರ್ಚ್ ತನಕ, ಮಣ್ಣು ಕುಸಿದು ಈ ರಸ್ತೆಗಳು ಮುಚ್ಚುವುದುಂಟು. ಹೊರಡುವ ದಿನ ಬೆಳಿಗ್ಗೆ ಕ್ಯಾಲ್ಟ್ರಾನ್ಸ್ (ರಾಜ್ಯದ ಸಾರಿಗೆ ಇಲಾಖೆ) ಇಟ್ಟಿರುವ ಕ್ವಿಕ್‌ಮ್ಯಾಪ್ ಅನ್ನುವ ಆನ್‌ಲೈನ್ ರಸ್ತೆ ನಕ್ಷೆ ನೋಡಿಯೇ ಹೊರಡಿ.

ಸಾರಟೋಗ ಪೇಟೆ ಬಿಟ್ಟ ಕೂಡಲೇ ಹತ್ತುವಿಕೆ ಶುರು. ಏಳು ಮೈಲಿ ಹತ್ತಿದರೆ ಸಾರಟೋಗ ಗ್ಯಾಪ್, ಹೈವೇ 9 ಮತ್ತು 35 (ಇದೇ ಸ್ಕೈಲೈನ್ ಬುಲೆವಾರ್ಡ್) ಸೇರುವ ಜಾಗ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಓಡಿಸಿ ಅಭ್ಯಾಸ ಇರುವವರಿಗೆ ಇಲ್ಲಿನ ತಿರುವುಗಳು ಕಷ್ಟ ಅನ್ನಿಸುವುದಿಲ್ಲ. ಆದರೆ ಒಂದು ನೆನಪಿಡಿ. ನಮ್ಮ ಘಾಟಿಯಲ್ಲಿ ತಿರುವು ಬಂದರೆ ಹಾರ್ನ್ ಹೊಡೆಯುತ್ತೇವೆ, ಇಲ್ಲಿ ಯಾರೂ ಹೊಡೆಯುವುದಿಲ್ಲ. ಎದುರಿಗೆ ಸೈಕಲ್ಲೋ ಬೈಕೋ ಬರುತ್ತಿದೆ ಅಂತ ಗೊತ್ತಾಗುವುದು ಕಣ್ಣಿಗೆ ಕಂಡ ಮೇಲೇ. ಹಳದಿ ಗೆರೆ ಮುಟ್ಟದೆ ನಿಮ್ಮ ಲೇನಿನಲ್ಲೇ ಇರಿ.

ತಿರುವು ತೆಗೆದುಕೊಳ್ಳುವುದು ಹೇಗೆ ಅಂತ ಸ್ವಲ್ಪ ಹೇಳಲೇಬೇಕು, ಏಕೆಂದರೆ ಈ ಕಾರಿನ ಜೀವ ಇರುವುದು ಅಲ್ಲೇ. ಮುಂದೆ ಹಳದಿ ಬೋರ್ಡಿನಲ್ಲಿ 20 ಅಂತ ಕಾಣುತ್ತದೆ. ರಸ್ತೆ ಇನ್ನೂ ನೇರ ಇರುವಾಗಲೇ ಬ್ರೇಕ್ ಒತ್ತಿ ಮುಗಿಸಿ, ತಿರುವಿನ ಒಳಗೆ ಹೋದ ಮೇಲೆ ಅಲ್ಲ. ಮೂರರಿಂದ ಎರಡಕ್ಕೆ ಇಳಿಸಿ, ಕ್ಲಚ್ ಬಿಡುವ ಮೊದಲು ಆಕ್ಸಿಲರೇಟರ್ ಒಂಚೂರು ತಟ್ಟಿದರೆ ಗೇರು ಜರ್ಕ್ ಇಲ್ಲದೆ ಕೂರುತ್ತದೆ. ಸ್ಟಿಯರಿಂಗ್ ತಿರುಗಿಸುವಾಗ ಕಾರಿನ ಮೈ ಸ್ವಲ್ಪ ವಾಲುತ್ತದೆ. ಮಿಯಾಟಾ ಹೀಗೆ ವಾಲುವುದು ಅದರ ಸ್ವಭಾವ, ಹೆದರಬೇಡಿ, ಹಿಂದಿನ ಚಕ್ರಗಳು ರಸ್ತೆಯನ್ನು ಹಿಡಿದುಕೊಂಡಿವೆ ಅಂತ ಸೊಂಟಕ್ಕೇ ಗೊತ್ತಾಗುತ್ತದೆ. ತಿರುವಿನ ಕೊನೆ ಕಣ್ಣಿಗೆ ಕಂಡ ಮೇಲೆ ಮೆಲ್ಲಗೆ ಆಕ್ಸಿಲರೇಟರ್ ಒತ್ತುತ್ತಾ ಹೊರಗೆ ಬನ್ನಿ. ಇಷ್ಟೆಲ್ಲ ನಡೆಯುವಾಗ ಸ್ಪೀಡೋಮೀಟರ್ 25 ದಾಟಿರುವುದಿಲ್ಲ. ಎರಡು ಕೈ, ಎರಡು ಕಾಲು, ಕಣ್ಣು, ಎಲ್ಲಕ್ಕೂ ಕೆಲಸ. ಅಷ್ಟು ಹೊತ್ತು ತಲೆಯೊಳಗೆ ಬೇರೆ ಯೋಚನೆ ಸುಳಿಯುವುದಿಲ್ಲ.

ಸ್ಕೈಲೈನ್ ಮೇಲೆ ಬಂದ ಮೇಲೆ ರಸ್ತೆ ಬೆಟ್ಟದ ಬೆನ್ನ ಮೇಲೇ ಸಾಗುತ್ತದೆ. ಒಂದು ಕಡೆ ಸಿಲಿಕಾನ್ ವ್ಯಾಲಿ, ಇನ್ನೊಂದು ಕಡೆ ಮಡಿಕೆ ಮಡಿಕೆಯಾಗಿ ಪೆಸಿಫಿಕ್ ತನಕ ಬೆಟ್ಟ. ರಷ್ಯನ್ ರಿಡ್ಜ್ ಹತ್ತಿರ ನಿಲ್ಲಿಸಿ ನೋಡಿ. ಭಾನುವಾರ ಇಲ್ಲಿ ಬೈಕಿನವರು, ಸೈಕಲ್ಲಿನವರು ಜಾಸ್ತಿ, ಸಾಧ್ಯವಾದರೆ ವಾರದ ಮಧ್ಯೆ ಬನ್ನಿ. ಹಿಂದಿನಿಂದ ಯಾರಾದರೂ ಅವಸರದಲ್ಲಿ ಬಂದರೆ ಬದಿಯ ಟರ್ನ್‌ಔಟಿಗೆ ಸರಿದು ದಾರಿ ಬಿಟ್ಟುಬಿಡಿ. ಹಿಂದೆ ಐದು ವಾಹನ ಸೇರಿದರೆ ದಾರಿ ಬಿಡಬೇಕು ಅಂತ ಕ್ಯಾಲಿಫೋರ್ನಿಯಾದ ಕಾನೂನೇ ಹೇಳುತ್ತದೆ. ಅದಕ್ಕಿಂತ ಮುಖ್ಯ, ದಾರಿ ಬಿಟ್ಟ ಮೇಲೆ ಮುಂದಿನ ರಸ್ತೆ ನಿಮಗೆ ಖಾಲಿ ಸಿಗುತ್ತದೆ!

ಹೈವೇ 84 ಸೇರುವಲ್ಲಿ ಆಲಿಸಸ್ ರೆಸ್ಟೋರೆಂಟ್ ಇದೆ. ಹಳೇ ಪೋರ್ಷೆ, ಹೊಸ ಡುಕಾಟಿ, ನಮ್ಮ ಹಾಗೆ ಪುಟ್ಟ ಕಾರಿನವರು, ಎಲ್ಲರೂ ಇಲ್ಲಿ ನಿಲ್ಲಿಸುತ್ತಾರೆ. ಮಿಯಾಟಾದವರು ಎದುರು ಸಿಕ್ಕರೆ ಕೈ ಎತ್ತುವ ಪದ್ಧತಿ ಇದೆ, ನೀವೂ ಎತ್ತಿ. ಕಾಫಿ ಕುಡಿದು ಕೈಕಾಲು ಸಡಿಲ ಮಾಡಿಕೊಂಡು ಮುಂದೆ ಹೊರಡಿ.

ಅಲ್ಲಿಂದ ಲಾ ಹೋಂಡಾ ಕಡೆ ಇಳಿಯುವ ದಾರಿ ರೆಡ್‌ವುಡ್ ಮರಗಳ ನಡುವೆ. ಬಿಸಿಲಿನಿಂದ ನೆರಳಿಗೆ ಬಂದ ತಕ್ಷಣ ತಂಪು ಮುಖಕ್ಕೆ ರಾಚುತ್ತದೆ, ಒದ್ದೆ ಮಣ್ಣು, ಮರದ ತೊಗಟೆ ಎಲ್ಲದರ ವಾಸನೆ ಬರುತ್ತದೆ. ನೆರಳಿನ ತಿರುವುಗಳಲ್ಲಿ ರಸ್ತೆ ಮಧ್ಯಾಹ್ನದ ತನಕ ಒದ್ದೆ ಇರಬಹುದು, ಎಲೆ ಬಿದ್ದಿರಬಹುದು, ಹುಷಾರು.

ಬಟ್ಟೆ ಬಗ್ಗೆ ಇಲ್ಲೇ ಹೇಳುತ್ತೇನೆ. ಬೇಸಿಗೆಯಲ್ಲಿ ಸಾರಟೋಗದಲ್ಲಿ ಬೆವರುತ್ತಿದ್ದವರು ಕಡಲ ಹತ್ತಿರ ಮಂಜಿನಲ್ಲಿ ನಡುಗುತ್ತಾರೆ. ಜೂನ್, ಜುಲೈನಲ್ಲಿ ಕಡಲತೀರಕ್ಕೆ ಮಂಜು ಕವಿದುಕೊಂಡೇ ಇರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಎಲ್ಲಕ್ಕಿಂತ ಒಳ್ಳೆಯ ಕಾಲ. ಸ್ವೆಟರ್, ಕಿವಿ ಮುಚ್ಚುವ ಟೋಪಿ ಇಟ್ಟುಕೊಳ್ಳಿ. ಹೀಟರನ್ನು ಕಾಲಿಗೆ ಬಿಟ್ಟು, ಕಿಟಕಿ ಗಾಜು ಏರಿಸಿಕೊಂಡರೆ ಟಾಪ್ ತೆಗೆದೇ ಆರಾಮಾಗಿ ಹೋಗಬಹುದು. ಬಿಸಿಲಿದ್ದರೆ ಸನ್‌ಸ್ಕ್ರೀನ್ ಬೇಕೇ ಬೇಕು. ಮಧ್ಯಾಹ್ನದ ಬಿಸಿಲು ಪೂರ್ತಿ ಬೀಳುವುದು ಬಲಗಡೆ ಕೂತವರ ಮೇಲೆ.

ಸ್ಯಾನ್ ಗ್ರೆಗೋರಿಯೋದಲ್ಲಿ 1889ರಿಂದ ಇರುವ ಜನರಲ್ ಸ್ಟೋರ್ ಇದೆ, ವಾರಾಂತ್ಯದಲ್ಲಿ ಹಾಡು, ವಾದ್ಯ ಇರುತ್ತದೆ. ಅಲ್ಲಿಂದ ಪೆಸ್ಕಡೆರೋಗೆ ಹೈವೇ 1ರಲ್ಲಿ ಬೇಗ ಹೋಗಬಹುದು, ಆದರೆ ನನ್ನ ಮಾತು ಕೇಳಿ, ಸ್ಟೇಜ್ ರೋಡ್ ಹಿಡಿಯಿರಿ. ಸುಮಾರು ಏಳು ಮೈಲಿಯ ಹಳೆಯ ದಾರಿ, ಕಿರಿದು, ದನ ಮೇಯುವ ಗುಡ್ಡಗಳ ನಡುವೆ ಏರಿಳಿದು ಹೋಗುತ್ತದೆ. ದೊಡ್ಡ ಎಸ್‌ಯುವಿಗೆ ಇಕ್ಕಟ್ಟು ಅನ್ನಿಸುವ ಕಡೆ ಮಿಯಾಟಾಗೆ ಎರಡೂ ಬದಿ ಜಾಗ ಉಳಿಯುತ್ತದೆ. ಇಡೀ ಸುತ್ತಿನಲ್ಲಿ ನನಗೆ ಅತಿ ಇಷ್ಟದ ತುಂಡು ಇದು.

ಪೆಸ್ಕಡೆರೋ ಚಿಕ್ಕ ಊರು. ಸಸ್ಯಾಹಾರಿಗಳಿಗೆ ಆರ್ಕಾಂಜೆಲಿ ಅಂಗಡಿಯ ಆರ್ಟಿಚೋಕ್ (ಹೂಮೊಗ್ಗಿನಂಥ ತರಕಾರಿ) ಬೆಳ್ಳುಳ್ಳಿ ಬ್ರೆಡ್ ಸಾಕು. ಬಿಸಿಬಿಸಿ ಇರುವುದನ್ನೇ ಕೇಳಿ ತಗೊಳ್ಳಿ. ಮುರಿದರೆ ಒಳಗಿಂದ ಹಬೆ ಬರುತ್ತದೆ, ಬೆಳ್ಳುಳ್ಳಿ ಘಮ ಕಾರಿನೊಳಗೆ ಸಂಜೆ ತನಕ ಉಳಿಯುತ್ತದೆ. ಅಂಗಡಿ ಹಿಂದೆ ಕೂರಲು ಬೆಂಚುಗಳಿವೆ. ಡುವಾರ್ಟೆಸ್ ಹೋಟೆಲಿನ ಆರ್ಟಿಚೋಕ್ ಸೂಪ್ ಕೂಡ ಹೆಸರುವಾಸಿ, ಕಟ್ಟಾ ಸಸ್ಯಾಹಾರಿಗಳು ಏನೇನು ಹಾಕಿದ್ದಾರೆ ಅಂತ ಕೇಳಿಕೊಂಡು ತೆಗೆದುಕೊಳ್ಳಿ. ನಾವು ಸಾಮಾನ್ಯವಾಗಿ ಮನೆಯಿಂದ ಚಿತ್ರಾನ್ನವನ್ನೂ ಕಟ್ಟಿಕೊಂಡು ಹೋಗುತ್ತೇವೆ. ಡಿಕ್ಕಿ 130 ಲೀಟರ್, ಎರಡು ಸಣ್ಣ ಬ್ಯಾಗ್, ಒಂದು ಊಟದ ಬುತ್ತಿ ಹಿಡಿಯುತ್ತದೆ. ಗ್ಲೋವ್ ಬಾಕ್ಸ್ ಇಲ್ಲ, ಎರಡು ಸೀಟಿನ ಮಧ್ಯೆ ಹಿಂದೆ ಒಂದು ಚಿಕ್ಕ ಗೂಡಿದೆ, ಪರ್ಸ್ ಅಲ್ಲಿಡಿ. ಬೀಚ್ ಪಾರ್ಕಿಂಗಿನಲ್ಲಿ ಕಾರು ಬಿಡುವಾಗ ಸೀಟಿನ ಮೇಲೆ ಏನೂ ಕಾಣಿಸಬಾರದು. ಬ್ಯಾಗನ್ನು ಡಿಕ್ಕಿಗೆ ಹಾಕುವ ಕೆಲಸ ಅಲ್ಲಿಗೆ ತಲುಪುವ ಮೊದಲೇ ಮುಗಿಸಿ.

ಪಿಜನ್ ಪಾಯಿಂಟ್ ದೀಪಸ್ತಂಭ 1872ರದು, 115 ಅಡಿ ಎತ್ತರ, ನಿಲ್ಲಿಸದೆ ಹೋಗಬೇಡಿ. ಪಾರ್ಕಿಂಗಿನಲ್ಲಿ ಜಲ್ಲಿ, ಗುಂಡಿ ಕಂಡರೆ ಮೆಲ್ಲಗೆ ಇಳಿಸಿ, ಈ ಕಾರು ನೆಲಕ್ಕೆ ಹತ್ತಿರ. ಈ ತೀರದಲ್ಲಿ ನೀರು ಕೊರೆಯುವಷ್ಟು ತಣ್ಣಗಿರುತ್ತದೆ, ಅಲೆಗಳೂ ಜೋರು. ಕಡಲಿಗೆ ಬೆನ್ನು ಹಾಕಿ ಫೋಟೋಗೆ ನಿಲ್ಲಬೇಡಿ. ಡೇವನ್‌ಪೋರ್ಟ್ ದಾಟಿ ಸ್ಯಾಂಟಾ ಕ್ರೂಜ್ ತನಕ ರಸ್ತೆ ನೇರ, ಆರನೇ ಗೇರಿಗೆ ಹಾಕಿ ಸುಮ್ನೆ ಕೂತರಾಯಿತು.

ವಾಪಸ್ ಬರುವ ಹೈವೇ 9 ಫೆಲ್ಟನ್, ಬೆನ್ ಲೋಮಂಡ್, ಬೌಲ್ಡರ್ ಕ್ರೀಕ್ ಊರುಗಳ ಮೂಲಕ ಹೋಗುತ್ತದೆ. ಇಲ್ಲಿ ಮನೆ, ಶಾಲೆ ಇವೆ, ನಿಧಾನ. ಬೌಲ್ಡರ್ ಕ್ರೀಕ್‌ನಿಂದ ಹೈವೇ 236 ಕವಲೊಡೆದು ಬಿಗ್ ಬೇಸಿನ್ ಪಾರ್ಕಿಗೆ ಹೋಗುತ್ತದೆ, 1902ರಲ್ಲಿ ಶುರುವಾದ, ಕ್ಯಾಲಿಫೋರ್ನಿಯಾದ ಅತಿ ಹಳೆಯ ಸ್ಟೇಟ್ ಪಾರ್ಕ್. 2020ರ ಆಗಸ್ಟಿನ ಬೆಂಕಿಯಲ್ಲಿ ಪಾರ್ಕಿನ ಬಹುಪಾಲು ಸುಟ್ಟುಹೋಯಿತು. ಕಪ್ಪಾದ ರೆಡ್‌ವುಡ್ ಕಾಂಡಗಳ ಮೈತುಂಬ ಈಗ ಹಸಿರು ಚಿಗುರು ಒಡೆದಿದೆ, ನೋಡಿದರೆ ಮನಸ್ಸು ತುಂಬಿಬರುತ್ತದೆ. ಒಳಗೆ ಹೋಗುವುದಿದ್ದರೆ ಪಾರ್ಕಿಂಗ್ ವಿಚಾರ ಮೊದಲೇ ನೋಡಿಕೊಳ್ಳಿ. ಕತ್ತಲಾದ ಮೇಲೆ ಜಿಂಕೆಗಳು ರಸ್ತೆಗೆ ಬರುತ್ತವೆ, ಆದ್ದರಿಂದ ಬೆಳಕಿರುವಾಗಲೇ ಸಾರಟೋಗ ಗ್ಯಾಪ್ ದಾಟಿ. ಕೊನೆಯ ಇಳಿಜಾರಿನಲ್ಲಿ ಬ್ರೇಕ್ ತುಳಿದೇ ಇಳಿಸಬೇಡಿ, ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೇ ಬಿಡಿ.

ಹಿರಿಯರನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳುವವರಿಗೆ: ಹಾಸನದಿಂದ ಬಂದಿದ್ದ ನಮ್ಮಮ್ಮ ಮೊದಲ ಸಲ ಕೂತಾಗ "ಇದೇನೋ ಇದು, ನೆಲದ ಮೇಲೇ ಕೂತಂಗಿದೆ" ಅಂದರು. ಸ್ಕೈಲೈನ್ ತಲುಪುವಷ್ಟರಲ್ಲಿ "ಮುಚ್ಚಬೇಡ ಕಣೋ, ಹಿಂಗೇ ಇರಲಿ" ಅಂತ ಸೆರಗನ್ನು ತಲೆಗೆ ಸುತ್ತಿಕೊಂಡು ಕೂತಿದ್ದರು. ಮಂಡಿ ನೋವಿದ್ದರೆ ಇಳಿಯುವಾಗ ಕಷ್ಟ. ಟಾಪ್ ತೆಗೆದ ಮೇಲೆ, ಮೊದಲು ಎರಡೂ ಕಾಲು ಹೊರಗಿಟ್ಟು, ಆಮೇಲೆ ನಮ್ಮ ಕೈ ಹಿಡಿದು ಎದ್ದರೆ ಸಲೀಸು. ಜಾಗ ಇಬ್ಬರಿಗೇ, ಮೂರನೆಯವರಿದ್ದರೆ ಬೇರೆ ಕಾರೇ ಬೇಕು.

ಸ್ವಂತ ಕಾರಿಲ್ಲದವರು, ಜನ ತಮ್ಮ ಕಾರನ್ನೇ ಬಾಡಿಗೆಗೆ ಕೊಡುವ ಟ್ಯೂರೋದಂಥ ಆ್ಯಪ್‌ನಲ್ಲಿ ಮಿಯಾಟಾ ಹುಡುಕಿ. ಬುಕ್ ಮಾಡುವ ಮೊದಲು ಮ್ಯಾನುಯಲ್ಲೋ ಆಟೋಮ್ಯಾಟಿಕ್ಕೋ ನೋಡಿ, ದಿನಕ್ಕೆ ಎಷ್ಟು ಮೈಲಿ ಬಿಡುತ್ತಾರೆ ಅಂತಲೂ ನೋಡಿ. 150 ಮೈಲಿಗಿಂತ ಕಡಿಮೆ ಇದ್ದರೆ ಬೇಡ, ಮನೆಯಿಂದ ಸಾರಟೋಗಕ್ಕೆ ಹೋಗಿಬರುವುದನ್ನೂ ಸೇರಿಸಿದರೆ ಸಾಲುವುದಿಲ್ಲ.