ಫೈನ್ ಡೈನಿಂಗ್ ಶೆಫ್ ಆಗೋಕೆ ಯಾವ ಕೋರ್ಸ್ ಮಾಡಬೇಕು?

ನಾನು ರೆಸ್ಟೋರೆಂಟ್ ಅಡುಗೆಮನೆಯಲ್ಲಿ ಕೆಲಸ ಮಾಡೋದು ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಮಕ್ಕಳಿಗಿಂತ ಅಪ್ಪ ಅಮ್ಮಂದಿರೇ ಜಾಸ್ತಿ ಕೇಳುತ್ತಾರೆ.

ಕೋರ್ಸ್ ಮಾಡಿದರೆ ಒಳ್ಳೆಯದೇ. ಚಾಕು ಹಿಡಿಯುವ ರೀತಿ, ಸ್ಟಾಕ್ (ಮೂಳೆ, ತರಕಾರಿ ಕುದಿಸಿ ತೆಗೆದ ರಸ), ಸಾಸ್, ಸ್ವಚ್ಛತೆಯ ನಿಯಮ ಎಲ್ಲ ಬೇಗ ಕೈಗೆ ಹತ್ತುತ್ತವೆ. ಆದರೆ ಮಾಡದೆಯೂ ಮೇಲೆ ಬಂದವರಿದ್ದಾರೆ. ಅಮೆರಿಕದ ಹೆಸರಾಂತ ಶೆಫ್ ಥಾಮಸ್ ಕೆಲ್ಲರ್ ಅಡುಗೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಇಟಲಿಯ ಮಸ್ಸಿಮೊ ಬೊಟ್ಟುರ ಕಾನೂನು ಓದುತ್ತಿದ್ದವರು, ಅರ್ಧಕ್ಕೇ ಬಿಟ್ಟು ಬಂದರು. ಸ್ಪೇನ್‌ನ ಫೆರಾನ್ ಆದ್ರಿಯಾ ಶುರು ಮಾಡಿದ್ದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾ. ಇನ್ನು ಪತ್ರಕರ್ತೆಯಾಗಿದ್ದ ಗರಿಮಾ ಅರೋರಾ ಅಡುಗೆ ಶಾಲೆಯಲ್ಲೇ ಕಲಿತು, ದೊಡ್ಡ ಅಡುಗೆಮನೆಗಳಲ್ಲಿ ದುಡಿದು, 2018ರಲ್ಲಿ ಮಿಶೆಲಿನ್ ಸ್ಟಾರ್ (ಮಿಶೆಲಿನ್ ಗೈಡ್ ರೆಸ್ಟೋರೆಂಟುಗಳಿಗೆ ಕೊಡುವ ಮನ್ನಣೆ, ಹೆಚ್ಚೆಂದರೆ ಮೂರು) ಪಡೆದ ಮೊದಲ ಭಾರತೀಯ ಮಹಿಳೆಯಾದರು.

ಹಾಗಾಗಿ ಒಳಗೆ ಬರುವ ದಾರಿ ಯಾವುದಾದರೂ ಆಗಲಿ, ನನಗೆ ಅದರ ಚಿಂತೆ ಇಲ್ಲ. ಚಿಂತೆ ಇರೋದು ನಡುವಿನ ವರ್ಷಗಳ ಬಗ್ಗೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನೂರು ವರ್ಷಕ್ಕೂ ಹಿಂದಿನ ಫ್ರೆಂಚ್ ಶೆಫ್ ಎಸ್ಕೊಫಿಯೆ ಕಾಲದಿಂದ ಬಂದ ಹುದ್ದೆಗಳ ಏಣಿಯೇ ಇವತ್ತಿಗೂ ಹೆಚ್ಚುಕಮ್ಮಿ ನಡೆಯುತ್ತಿದೆ. ಮೊದಲು ಕಮಿ ಶೆಫ್. ಹೆಚ್ಚೋದು, ಸುಲಿಯೋದು, ಹೇಳಿದ್ದು ಮಾಡೋದು. ಆಮೇಲೆ ಒಂದು ಸ್ಟೇಷನ್ ನಿಮ್ಮದಾಗುತ್ತದೆ: ಮೀನು, ಸಾಸ್, ಗ್ರಿಲ್, ಹೀಗೆ. ಇಲ್ಲಿಯವರೆಗೆ ಕೈ ಚುರುಕಾಗಿದ್ದರೆ ಸಾಕು.

ಸೂ ಶೆಫ್, ಅಂದರೆ ಹೆಡ್ ಶೆಫ್‌ನ ಕೆಳಗಿನ ಎರಡನೇ ಮುಖ್ಯಸ್ಥ, ಆದ ದಿನದಿಂದ ಕೆಲಸವೇ ಬೇರೆ. ರಾತ್ರಿ ಸರ್ವಿಸ್ ಮುಗಿದ ಮೇಲೆ ಎಲ್ಲರೂ ಮನೆಗೆ ಹೊರಟರೆ, ನೀವು ಕೋಲ್ಡ್ ರೂಮಿನಲ್ಲಿ ಪಟ್ಟಿ ಹಿಡಿದು ಏನಿದೆ, ಏನಿಲ್ಲ ಅಂತ ನೋಡುತ್ತಾ ನಿಂತಿರುತ್ತೀರಿ. ಬೆಳಿಗ್ಗೆ ಇಬ್ಬರು ಬರಲಿಲ್ಲ ಅಂದರೆ ಯಾರನ್ನು ಎಲ್ಲಿ ನಿಲ್ಲಿಸಬೇಕು ಅನ್ನೋದೂ ನಿಮ್ಮ ತಲೆನೋವೇ. ಲೆಕ್ಕವನ್ನಂತೂ ಕೇಳಲೇಬೇಡಿ. ಒಂದು ಇಡೀ ಮೀನು ತಂದರೆ ತಲೆ, ಮುಳ್ಳು, ಚರ್ಮ ಕಳೆದು ಉಳಿಯುವುದು ಎಷ್ಟೋ ಸಲ ಅರ್ಧಕ್ಕಿಂತ ಕಡಿಮೆ. ಕೊಟ್ಟ ದುಡ್ಡೋ, ಇಡೀ ಮೀನಿಗೆ. ಮುಳ್ಳನ್ನು ಸ್ಟಾಕಿಗೆ ಹಾಕಿದಿರಾ, ಬಿಸಾಕಿದಿರಾ, ತುಂಡನ್ನು ಹತ್ತು ಗ್ರಾಂ ಜಾಸ್ತಿ ಕತ್ತರಿಸಿದಿರಾ ಅನ್ನೋದರ ಮೇಲೆ ಲಾಭ ನಷ್ಟ ನಿಂತಿದೆ. ರುಚಿ ಚೆನ್ನಾಗಿದ್ದೂ ಬಾಗಿಲು ಹಾಕಿದ ರೆಸ್ಟೋರೆಂಟುಗಳಿವೆಯಲ್ಲ, ಅವು ಬಹಳ ಸಲ ಮುಗ್ಗರಿಸುವುದು ಇಲ್ಲೇ.

ಹೆಡ್ ಶೆಫ್ ಆದರಂತೂ ಸರ್ವಿಸ್ ಹೊತ್ತಲ್ಲಿ ಒಲೆಯ ಹತ್ತಿರ ಹೋಗೋದೇ ಅಪರೂಪ. ಪ್ಲೇಟುಗಳು ಹೊರಗೆ ಹೋಗುವ ಕಟ್ಟೆಗೆ ಪಾಸ್ ಅನ್ನುತ್ತಾರೆ. ಅವರು ನಿಲ್ಲುವುದು ಅಲ್ಲಿ. ಆರು ಜನರ ಟೇಬಲ್ಲಿಗೆ ಮೂರು ಸ್ಟೇಷನ್‌ಗಳ ಅಡುಗೆ ಒಂದೇ ಹೊತ್ತಿಗೆ ಬರಬೇಕು. ಮಾಂಸ ಬೆಂದ ಮೇಲೂ ಸ್ವಲ್ಪ ಹೊತ್ತು ಸುಮ್ನೆ ಇಡಬೇಕು, ಮೀನು ನಿಮಿಷಗಳಲ್ಲಿ ಆಗಿಬಿಡುತ್ತದೆ. ಯಾವ ಅಡುಗೆ ಶುರು ಮಾಡಿ ಅಂತ ಮೊದಲು ಕೂಗಬೇಕು ಅನ್ನೋದು ಅವರ ತಲೆಯಲ್ಲಿ ಓಡುತ್ತಿರುತ್ತದೆ. ಕೈಯಲ್ಲಿ ರುಚಿ ನೋಡುವ ಚಮಚ, ಪ್ಲೇಟಿನ ಅಂಚು ಒರೆಸುವ ಬಟ್ಟೆ, ಅಷ್ಟೇ. ಅಡುಗೆ ಮಾಡೋ ಆಸೆಗೆ ಬಂದವರಿಗೆ ಇದು ಸಪ್ಪೆ ಅನ್ನಿಸುತ್ತದೆ. ಕೆಲವರು ಸ್ಟೇಷನ್‌ನಲ್ಲೇ ಖುಷಿಯಾಗಿ ಉಳಿಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಅಲ್ವಾ?

ಸ್ವಂತ ರೆಸ್ಟೋರೆಂಟ್ ಅನ್ನೋದು ಇದೆಲ್ಲ ಆದ ಮೇಲಿನ ಮಾತು. ಬ್ರಿಟನ್ನಿನ ಶೆಫ್ ಕ್ಲೇರ್ ಸ್ಮಿತ್ 2007ರಲ್ಲೇ ಲಂಡನ್ನಿನಲ್ಲಿ ಗೋರ್ಡನ್ ರಾಮ್ಸೆ ಅವರ ಮೂರು ಸ್ಟಾರ್ ರೆಸ್ಟೋರೆಂಟಿಗೆ ಹೆಡ್ ಶೆಫ್. ತಮ್ಮದೇ ಆದ 'ಕೋರ್' ತೆರೆದದ್ದು 2017ರಲ್ಲಿ. ಅದಕ್ಕೆ ಮೂರು ಸ್ಟಾರ್ ಬಂದದ್ದು 2021ರಲ್ಲಿ. ಅಷ್ಟು ಒಳ್ಳೆಯ ಶೆಫ್‌ಗೇ ಅಷ್ಟು ಸಮಯ ಹಿಡಿಯಿತು.

ಕೋರ್ಸಿನ ಫೀಸು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಯಾವುದಾದರೂ ಬಿಜಿ ಅಡುಗೆಮನೆಯಲ್ಲಿ ಕೆಲವು ವಾರ ದುಡಿಯಿರಿ, ಸಂಬಳ ಕೊಡುವ ಕಡೆಯೇ ನೋಡಿ. ಅಲ್ಲಿ ಹೆಡ್ ಶೆಫ್ ಏನು ಮಾಡುತ್ತಾರೆ ಅಂತ ನೋಡುವುದಕ್ಕಿಂತ, ಸೂ ಶೆಫ್ ದಿನವಿಡೀ ಏನು ಮಾಡುತ್ತಾರೆ ಅಂತ ಗಮನಿಸಿ. ಆ ಕೆಲಸ ನಿಮಗೆ ಹಿಡಿಸಿದರೆ ಕೋರ್ಸಿನ ಮಾತು ಆಮೇಲೆ ಆಡೋಣ.