ಎಲ್ಲಾ ಠೀಕ್ ಐತಿ

ಅಪ್ಪನ ಬಲಗೈ ಎಷ್ಟು ಕೆಟ್ಟಿದೆ ಅಂತ ನನಗೆ ಗೊತ್ತಾದದ್ದು 2018ರಲ್ಲಿ, ಅಣ್ಣನ ಮದುವೆಯ ದಿನ. ಬೀಗರೆಲ್ಲ ಪಂಕ್ತಿಗೆ ಕೂತಿದ್ದರು. ಅಪ್ಪ ಮಾತ್ರ ಬಡಿಸುವವರ ಬೆನ್ನಹಿಂದೆ ಓಡಾಡುತ್ತಲೇ ಇದ್ದ. ಉಣ್ಣು ಬಾ ಅಂತ ಮೂರು ಸಲ ಕರೆದೆ. "ನಂದ್ ಆಮ್ಯಾಲ ಆಗ್ತೈತಿ ಯವ್ವಾ" ಅಂದ. ಎಲ್ಲರ ಊಟ ಮುಗಿದ ಮೇಲೆ ಸಾಮಾನಿನ ಕೋಣೆಗೆ ಹೋದರೆ ಅಕ್ಕಿ ಚೀಲಗಳ ನಡುವೆ, ಗೋಡೆಗೆ ಮುಖ ಮಾಡಿ ಕೂತು ಎಡಗೈಯಿಂದ ಉಣ್ಣುತ್ತಿದ್ದ.

ನಾನು ಸದ್ದು ಮಾಡದೆ ಹೊರಗೆ ಬಂದೆ.

ಆ ರಾತ್ರಿ ಅವ್ವ ಎಲ್ಲ ಹೇಳಿದಳು. ಅಂಗಿಯ ಗುಂಡಿ ಹಾಕುವವಳು ಅವಳೇ. ಎಮ್ಮೆ ಹಿಂಡುವುದನ್ನು ಅಪ್ಪ ಯಾವಾಗಲೋ ಬಿಟ್ಟಿದ್ದಾನೆ. ಕಟಕ್ ರೊಟ್ಟಿ ಮುರಿಯಲು ಆಗುವುದಿಲ್ಲ, ಮೊದಲೇ ಮುರಿದು ಸಾರಿನಲ್ಲಿ ನೆನೆಸಿಡುತ್ತಾಳೆ. ರಾತ್ರಿ ಎರಡು ಮೂರು ಸಲ ಎದ್ದು ಕೂತು, ನೀರು ಝಾಡಿಸಿದ ಹಾಗೆ ಕೈ ಝಾಡಿಸುತ್ತಾನೆ. "ಹುಡುಗ್ರಿಗೆ ಹೇಳಬ್ಯಾಡ ಅಂದಾರ" ಅಂತ ಅತ್ತಳು. ಹೈಸ್ಕೂಲಿನಿಂದ ಹಾಸ್ಟೆಲಿನಲ್ಲೇ ಬೆಳೆದ ನಾನು ರಜೆಗೆ ಬಂದಾಗಲೂ ಇದನ್ನು ನೋಡಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅಪ್ಪನ ಸೈನ್ಯದ ಕಾಲದ ಕರಿ ಟ್ರಂಕ್ ತೆಗೆಸಿದೆ. ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಒಳಗೆ ಒಂದೊಂದು ಕಾಗದವೂ ಮಡಿಕೆ ಮುರಿಯದ ಹಾಗೆ ಇತ್ತು. 2003ರ ಇಂಜುರಿ ರಿಪೋರ್ಟ್, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಕೊನೆಗೆ 2012ರಲ್ಲಿ ನಿವೃತ್ತಿಯ ಹೊತ್ತಿಗೆ ಬಂದ ಪತ್ರ. ಅದರ ಪ್ರಕಾರ ಗಾಯ ಕರ್ತವ್ಯದಲ್ಲಿ ಆದದ್ದು ನಿಜ, ಆದರೆ ಅಂಗವೈಕಲ್ಯ ಶೇಕಡಾ 15ರಿಂದ 19 ಮಾತ್ರ. ಶೇಕಡಾ 20 ಇಲ್ಲದ್ದರಿಂದ ಅಂಗವೈಕಲ್ಯ ಪಿಂಚಣಿ ಇಲ್ಲ. ಒಪ್ಪಿಗೆ ಇಲ್ಲದಿದ್ದರೆ ಆರು ತಿಂಗಳೊಳಗೆ ಅಪೀಲು ಮಾಡಬಹುದು. ಆರು ತಿಂಗಳಲ್ಲ, ಆರು ವರ್ಷ ಆ ಪತ್ರ ಟ್ರಂಕಿನಲ್ಲೇ ಇತ್ತು.

ಅಪ್ಪ ಸೈನ್ಯದ ಇಂಜಿನಿಯರ್ಸ್‌ನವನು, ಸೇತುವೆ ಕಟ್ಟುವವನು. ಕಬ್ಬಿಣದ ಚೌಕಟ್ಟುಗಳನ್ನು ಜೋಡಿಸಿ ಕಟ್ಟುವ ಬೈಲಿ ಬ್ರಿಜ್‌ನ ಒಂದು ಪ್ಯಾನೆಲ್ ಹತ್ತು ಅಡಿ ಉದ್ದ, ಹತ್ತಿರ ಹತ್ತಿರ 260 ಕಿಲೋ ತೂಕ. ಆರು ಜನ ಸೇರಿ ಹೊರುತ್ತಾರೆ. ಅರುಣಾಚಲದ ಒಂದು ಹಳ್ಳದ ದಂಡೆಯಲ್ಲಿ, ಮಳೆಯಲ್ಲಿ, ಒಬ್ಬನ ಕಾಲು ಜಾರಿ ಪ್ಯಾನೆಲ್ ವಾಲಿತು. ಅಪ್ಪನ ಮಣಿಕಟ್ಟು ಕಬ್ಬಿಣ ಮತ್ತು ಕಲ್ಲಿನ ನಡುವೆ ಸಿಕ್ಕಿತು. ಮೂಳೆ ಮುರಿಯಿತು, ಆರು ವಾರ ಪ್ಲಾಸ್ಟರ್ ಹಾಕಿದರು, ಮೂಳೆ ಕೂಡಿತು. ಬೆರಳುಗಳು ಬಿಗಿದೇ ಉಳಿದವು. ಮಣಿಕಟ್ಟಿನ ಇಕ್ಕಟ್ಟು ದಾರಿಯಲ್ಲಿ ಹಾದುಹೋಗುವ ಮೀಡಿಯನ್ ನರ ಒತ್ತಡಕ್ಕೆ ಸಿಕ್ಕಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದು ಆ ನರದಿಂದ. ಹೆಬ್ಬೆರಳಿನ ಬುಡದ ಮಾಂಸ ಸೊರಗುವುದೂ ಅದರಿಂದಲೇ.

ಇದನ್ನು ಅಪ್ಪ ಒಂಬತ್ತು ವರ್ಷ ಯೂನಿಟ್ಟಿನಲ್ಲಿ ಮುಚ್ಚಿಟ್ಟ. ಕಾರಣ ಕೇಳಿದರೆ, "ಮೆಡಿಕಲ್ ಕ್ಯಾಟಗರಿ ಡೌನ್ ಆದ್ರ ಪ್ರಮೋಷನ್ ಎಲ್ಲೈತಿ? ನಿಮ್ಮ ಫೀಜ್ ಯಾರ್ ಕಟ್ಟೋರು?" ಅಂದ. ನಿವೃತ್ತಿಯ ಮೆಡಿಕಲ್ ಬೋರ್ಡಿನ ಮುಂದೆಯೂ ನೋವು ಇದೆಯಾ ಅಂದರೆ ಠೀಕ್ ಹೈ ಅಂದಿದ್ದಾನೆ. ಅವರು ಕೂಡಿದ ಮೂಳೆ ನೋಡಿ ಬರೆದರು, ನರ ನೋಡಲಿಲ್ಲ. ಹೇಳಬೇಕಾದವನು ಹೇಳಲಿಲ್ಲ ನಿಜ. ಆದರೆ ಕೇಳುವ ಹೊಣೆ ಹೇಳುವ ಹೊಣೆಗಿಂತ ದೊಡ್ಡದು ಅಂತಲೇ ನನ್ನ ನಂಬಿಕೆ. ಇಪ್ಪತ್ತನಾಲ್ಕು ವರ್ಷ 'ಠೀಕ್ ಹೈ' ಅನ್ನಲು ಕಲಿಸಿ, ಆ ಮನುಷ್ಯನಿಂದ ಒಂದೇ ದಿನದಲ್ಲಿ ಬೇರೆ ಉತ್ತರ ನಿರೀಕ್ಷಿಸುವುದು ನ್ಯಾಯವಲ್ಲ.

ಅಪೀಲು ಹಾಕಿದೆವು, ತಿರಸ್ಕಾರವಾಯಿತು. ಕರ್ನಾಟಕದ ಪ್ರಕರಣಗಳು ಹೋಗುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ ಹೋದೆವು. ತಡವಾಗಿದ್ದು ಅಡ್ಡಿಯಾಗಲಿಲ್ಲ. ಪಿಂಚಣಿ ತಿಂಗಳು ತಿಂಗಳೂ ಬರಬೇಕಾದದ್ದು, ಆದ್ದರಿಂದ ಅದು ತಪ್ಪಿದ ಅನ್ಯಾಯವೂ ಮುಂದುವರಿಯುತ್ತಲೇ ಇರುತ್ತದೆ ಎಂಬ ಸುಪ್ರೀಂ ಕೋರ್ಟಿನ 2008ರ ತಾರ್ಸೇಮ್ ಸಿಂಗ್ ತೀರ್ಪನ್ನು ವಕೀಲರು ಮುಂದಿಟ್ಟರು. ಮತ್ತೊಮ್ಮೆ ಮೆಡಿಕಲ್ ಬೋರ್ಡ್ ನಡೆಸಿ ಅಂತ ಆದೇಶವಾಯಿತು.

ಆ ದಿನಕ್ಕೆ ಧಾರವಾಡದಲ್ಲಿ ರಾಣಿ ಚೆನ್ನಮ್ಮ ಹತ್ತಿ ಬೆಂಗಳೂರಿಗೆ ಹೊರಟೆವು. ರಾತ್ರಿಯೆಲ್ಲ ನನ್ನದು ಒಂದೇ ಪಾಠ. "ಅಪ್ಪಾ, ನೋವೈತಿ ಅನ್ನು. ಜೋಮ್ ಹಿಡಿತೈತಿ ಅನ್ನು."

"ಸುಳ್ಳ ಹೇಳಂಗಿಲ್ಲ ನಾ."

"ಇದರಾಗ ಸುಳ್ಳ ಯಾವುದು ಅಪ್ಪಾ?"

ಅವನು ಕಿಟಕಿಯ ಕಡೆ ತಿರುಗಿ ಮಲಗಿದ.

ಬೋರ್ಡಿಗೆ ಮೊದಲು ತಜ್ಞ ವೈದ್ಯರ ಅಭಿಪ್ರಾಯ ಬರೆಸಬೇಕು. ಆ ಕೋಣೆಗೆ ನನ್ನನ್ನೂ ಬಿಟ್ಟರು. ವೈದ್ಯೆ ಬಂದ ಕೂಡಲೇ ಅಪ್ಪ ಎದ್ದು ಸಾವಧಾನ್‌ನಲ್ಲಿ ನಿಂತ. ಹಿಮ್ಮಡಿ ಜೋಡಿಸಿ, ಎದೆ ಎತ್ತಿ, ಎರಡೂ ಮುಷ್ಟಿ ಪ್ಯಾಂಟಿನ ಹೊಲಿಗೆಗೆ. ಎಡ ಮುಷ್ಟಿ ಕಲ್ಲಿನ ಹಾಗೆ. ಬಲ ಮುಷ್ಟಿ ಮುಚ್ಚಲೇ ಇಲ್ಲ. ಬೆರಳುಗಳು ಅರ್ಧಕ್ಕೆ ನಿಂತು ನಡುಗುತ್ತಿದ್ದವು.

"ಹಾಥ್ ಕೈಸಾ ಹೈ?"

"ಸಬ್ ಠೀಕ್ ಹೈ, ಮ್ಯಾಡಮ್."

ನನ್ನ ಜೀವ ಬಾಯಿಗೆ ಬಂತು. ಆದರೆ ಆಕೆ ಉತ್ತರ ಬರೆದುಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ಎರಡೂ ಕೈ ಮಗುಚಿ ನೋಡಿದರು. ಹಿಡಿತ ಅಳೆಯುವ ಯಂತ್ರ ಕೊಟ್ಟರು. ಎಡಗೈ 34 ಕಿಲೋ, ಬಲಗೈ 11. ಮಣಿಕಟ್ಟು ಕೆಳಗೆ ಬಗ್ಗಿಸಿ ಒಂದು ನಿಮಿಷ ಹಿಡಿಯಲು ಹೇಳಿದರು. ಇಪ್ಪತ್ತು ಸೆಕೆಂಡಿಗೇ ಅಪ್ಪನ ಹಣೆಯ ಮೇಲೆ ಬೆವರು. ಮೇಜಿನ ಮೇಲೆ ಒಂದು ರೂಪಾಯಿ ಇಟ್ಟು ಎತ್ತಲು ಹೇಳಿದರು. ಅಪ್ಪ ಉಗುರಿನಿಂದ ಕೆರೆದ, ಮತ್ತೆ ಕೆರೆದ. ಕೊನೆಗೆ ನಾಣ್ಯವನ್ನು ಅಂಚಿಗೆ ತಳ್ಳಿ ಎಡಗೈಯಲ್ಲಿ ಹಿಡಿದುಕೊಂಡ. ಆ ಉಪಾಯ ಅವನಿಗೆ ಎಷ್ಟು ರೂಢಿಯಾಗಿತ್ತು ಅಂದರೆ, ತಾನು ಏನು ಮಾಡಿದೆ ಎಂಬುದೇ ಅವನ ಗಮನಕ್ಕೆ ಬಂದಂತಿರಲಿಲ್ಲ.

ಊಟ ಯಾವ ಕೈಯಿಂದ ಅಂತ ಆಕೆ ಮೆಲ್ಲಗೆ ಕೇಳಿದರು, "ಖಾನಾ ಕಿಸ್ ಹಾಥ್ ಸೇ ಖಾತೇ ಹೈಂ?"

ಫ್ಯಾನಿನ ಸದ್ದು ಕೇಳುವಷ್ಟು ಹೊತ್ತು ಅಪ್ಪ ಸುಮ್ಮನಿದ್ದ. ನನ್ನ ಕಡೆ ಒಮ್ಮೆ ನೋಡಿದ. ಸಾಮಾನಿನ ಕೋಣೆಯ ಬಾಗಿಲಲ್ಲಿ ನಾನು ನಿಂತಿದ್ದು ಅವನಿಗೂ ಗೊತ್ತಿತ್ತು ಅಂತ ಆಗ ಅನಿಸಿತು.

"ಬಾಯೇಂ ಸೇ, ಮ್ಯಾಡಮ್" ಅಂದ. ಎಡಗೈಯಿಂದ ಅಂತ. ತಲೆ ಎತ್ತಿಯೇ ಹೇಳಿದ.

ನರದ ಪರೀಕ್ಷೆ ಮಾಡಿಸಿದರು, ಆಮೇಲೆ ಬೋರ್ಡ್ ಕೂತಿತು. ಮೂಳೆ, ನರ ಎರಡೂ ಸೇರಿ ಶೇಕಡಾ 30, ಜೀವನಪರ್ಯಂತ ಎಂದು ಬಂತು. ಸೇವೆಯ ಅವಧಿ ಮುಗಿಸಿ ನಿವೃತ್ತರಾದವರಿಗೂ ಶೇಕಡಾ 50ಕ್ಕಿಂತ ಕಡಿಮೆ ಇದ್ದದ್ದನ್ನು 50ಕ್ಕೆ ಏರಿಸಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಅಪ್ಪನಿಗೆ 50 ಸಿಕ್ಕಿತು. ಹಳೆಯ ಬಾಕಿ ಅರ್ಜಿ ಹಾಕುವುದಕ್ಕಿಂತ ಹಿಂದಿನ ಮೂರು ವರ್ಷದ್ದು ಮಾತ್ರ. ಉಳಿದದ್ದು ಹೋಯಿತು.

ಆದೇಶದ ಪ್ರತಿ ಬಂದ ದಿನ ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡ. ಟ್ರಂಕಿನಿಂದ ಒಂದು ಹಳೇ ಡೈರಿ ತೆಗೆದು ನನ್ನ ಕೈಗಿಟ್ಟ. ಅವತ್ತು ಪ್ಯಾನೆಲ್ಲಿನ ಅದೇ ಬದಿಯಲ್ಲಿದ್ದ, ಗದಗ ಕಡೆಯ ಒಬ್ಬರ ನಂಬರು ಅದರಲ್ಲಿತ್ತು. ಅವರದೂ ಮಣಿಕಟ್ಟೇ. ಅವರಿಗೆ ಬರೆದದ್ದು ಶೇಕಡಾ 11ರಿಂದ 14. "ಫೋನ್ ಹಚ್ಚ್ ಯವ್ವಾ. ನಾ ಕೇಳಿದ್ರ ಹೇಳಂಗಿಲ್ಲ ಅಂವಾ."

ಹಚ್ಚಿದೆ. ಯಾರ ಮಗಳು ಅಂತ ಹೇಳಿದ ಕೂಡಲೇ ಅವರ ದನಿ ಅರಳಿತು. ಮನೆಮಂದಿಯನ್ನೆಲ್ಲ ವಿಚಾರಿಸಿದರು. ಕೈ ಹೇಗಿದೆ ಅಂತ ಕೇಳಿದೆ.

"ಎಲ್ಲಾ ಠೀಕ್ ಐತ್ ತಂಗಿ. ಏನೂ ತ್ರಾಸಿಲ್ಲ."

"ಕಾಕಾ," ಅಂದೆ, "ರೊಟ್ಟಿ ಯಾವ ಕೈಲೆ ಮುರೀತೀರಿ?"

ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ.