ನಕ್ಷೆಯಲ್ಲಿ ಹನ್ನೊಂದು ಪಿನ್ನು

ಶನಿವಾರ ಮಧ್ಯಾಹ್ನ ಹೊರಟು ಸೋಮವಾರ ಬೆಳಿಗ್ಗೆ ವಾಪಸ್ಸು. ಮಾರ್ಚ್ ಮೂರನೇ ವಾರ. ಶನಿವಾರದ ಸಂಜೆ ಹೇಗೂ ದಾರಿಯಲ್ಲೇ ಮುಗಿದುಹೋಗುತ್ತದೆ. ಅಂದರೆ ಕ್ಯಾಮೆರಾಕ್ಕೆ ಸಿಗುವ ಒಳ್ಳೆಯ ಬೆಳಕು ಎರಡು ಮುಂಜಾವು, ಒಂದು ಸಂಜೆ, ಅಷ್ಟೇ. ಅದಕ್ಕೆ ನಾನು ನಕ್ಷೆಯಲ್ಲಿ ಗುರುತು ಹಾಕಿಕೊಂಡಿದ್ದ ಜಾಗಗಳು ಹನ್ನೊಂದು!

ಕಾರು ಓಡಿಸಲು ಒಪ್ಪಿದ್ದ ಗೆಳೆಯ ಪಟ್ಟಿ ನೋಡಿ, "ಇದು ಟ್ರಿಪ್ಪೋ, ಚುನಾವಣಾ ಪ್ರಚಾರವೋ?" ಅಂದ. ಅವನಿಗೆ ಫೋಟೋಗ್ರಫಿ ಹುಚ್ಚಿಲ್ಲ. ನಿದ್ದೆಯ ಮೇಲೆ ಮಾತ್ರ ಅಪಾರ ಪ್ರೀತಿ.

ಭಾನುವಾರ ನಸುಕಿನಲ್ಲಿ ಮೊದಲನೇ ಪಿನ್ನಿಗೆ ಹೋದೆವು. ಎಲ್ಲರೂ ಫೋಟೋ ತೆಗೆಯುವ ವ್ಯೂ ಪಾಯಿಂಟ್ ಅದು. ಆನ್‌ಲೈನಿನಲ್ಲಿ ಕಂಡ ಚಿತ್ರದಲ್ಲಿ ಎರಡು ಬೆಟ್ಟಗಳ ನಡುವಿನ ಸಂದಿಯಲ್ಲಿ ಸೂರ್ಯ ಸರಿಯಾಗಿ ಕೂತಿದ್ದ. ಟ್ರೈಪಾಡ್ ನಿಲ್ಲಿಸಿ, ಆ ಸಂದಿಗೇ ಫ್ರೇಮ್ ಕಟ್ಟಿ ಕಾದೆ. ಆ್ಯಪಿನ ಪ್ರಕಾರ 6.22ಕ್ಕೆ ಸೂರ್ಯೋದಯ. ಆರೂವರೆ ಆಯಿತು, ಆರೂಮುಕ್ಕಾಲು ಆಯಿತು.

"ಏನೋ, ಸೂರ್ಯನಿಗೆ ಇವತ್ತು ರಜೆನಾ?"

"ಬರ್ತಾನೆ, ತಡಿ."

ಬಂದ. 7.10ಕ್ಕೆ, ಸಂದಿಯಿಂದ ಎಷ್ಟೋ ಎಡಕ್ಕೆ, ದಪ್ಪ ಬೆಟ್ಟದ ನೆತ್ತಿಯ ಮೇಲೆ. ಅಷ್ಟರಲ್ಲಿ ಆಕಾಶದ ಕೆಂಪೆಲ್ಲ ಆರಿಹೋಗಿ ಬೆಳಕು ಬಿಳಿಚಿಕೊಂಡಿತ್ತು.

ತಪ್ಪು ಪೂರ್ತಿ ನನ್ನದೇ. ಆ ಚಿತ್ರ ಡಿಸೆಂಬರಿನದು. ಆಗ ಸೂರ್ಯ ಆಗ್ನೇಯದ ಕಡೆ ವಾಲಿಕೊಂಡು ಹುಟ್ಟುತ್ತಾನೆ. ಮಾರ್ಚ್ 20ರ ಆಸುಪಾಸಿನಲ್ಲಿ ಹಗಲು ರಾತ್ರಿ ಸಮವಾಗುವಾಗ ಅವನ ಹುಟ್ಟು ನೇರ ಪೂರ್ವಕ್ಕೆ. ನಡುವಿನ ಮೂರು ತಿಂಗಳಲ್ಲಿ ಕಡಿಮೆಯೆಂದರೂ 23 ಡಿಗ್ರಿ ಜರುಗಿರುತ್ತಾನೆ. ಇನ್ನೊಂದು, ಆ್ಯಪ್ ಹೇಳುವ ಹೊತ್ತು ಸಮತಟ್ಟಾದ ದಿಗಂತಕ್ಕೆ ಸಂಬಂಧಿಸಿದ್ದು, ಎದುರಿಗಿರುವ ಬೆಟ್ಟ ಅದರ ಲೆಕ್ಕದಲ್ಲಿಲ್ಲ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಸೂರ್ಯ ಸಾಗುವುದು ಗಂಟೆಗೆ 15 ಡಿಗ್ರಿ. ಬೆಟ್ಟ ಒಂದು ಮುಷ್ಟಿ ಎತ್ತರ ಇದ್ದರೆ, ನೆಟ್ಟಗೆ ಮೇಲೇರಿದರೂ ಅವನು ಕಾಣುವುದು 40 ನಿಮಿಷ ತಡವಾಗಿ. ಓರೆಯಾಗಿ ಏರಿದರೆ ಇನ್ನೂ ತಡ. ಈ ಲೆಕ್ಕ ನನಗೆ ಗೊತ್ತಿಲ್ಲದ್ದೇನಲ್ಲ. ಹಿಂದಿನ ದಿನವೇ ಒಮ್ಮೆ ಅಲ್ಲಿಗೆ ಹೋಗಿ ಕೈ ಎತ್ತಿ ನೋಡಿರಲಿಲ್ಲ, ಅಷ್ಟೇ.

ಆಮೇಲೆ ಗಡಿಬಿಡಿಯಲ್ಲಿ ಎರಡು, ಮೂರು, ನಾಲ್ಕನೇ ಪಿನ್ನು. ಒಂದು ಕಡೆ ಕೆರೆಯ ನೀರು ಇಳಿದು ಕೆಸರು ಕಾಣುತ್ತಿತ್ತು. ಇನ್ನೊಂದು ಕಡೆ ಬೇಲಿ. ಮೂರನೆಯದು ಯಾಕೆ ಪಟ್ಟಿಗೆ ಸೇರಿತ್ತೋ ನನಗೇ ನೆನಪಾಗಲಿಲ್ಲ. ಒಂಬತ್ತೂವರೆಗೆಲ್ಲ ನೆರಳು ಕಪ್ಪಾಗಿ ಗಡುಸಾಯಿತು. ರೂಮಿಗೆ ಮರಳಿದೆವು. ಗೆಳೆಯ ಹಾಸಿಗೆಗೆ ಬಿದ್ದವನು ಮತ್ತೆ ಏಳುವ ಲಕ್ಷಣ ಕಾಣಲಿಲ್ಲ.

ಹನ್ನೆರಡರ ಸುಮಾರಿಗೆ ನಾನೊಬ್ಬನೇ ಹೊರಗೆ ಹೊರಟೆ, ಕ್ಯಾಮೆರಾ ರೂಮಲ್ಲೇ ಬಿಟ್ಟು. ಹೆಗಲಿಗೆ ಭಾರವಿಲ್ಲದಿದ್ದರೆ ಕಣ್ಣು ಬೇರೆ ಥರ ಕೆಲಸ ಮಾಡುತ್ತದೆ. ಕಂಡದ್ದನ್ನೆಲ್ಲ ತೆಗೆಯಬೇಕೆಂಬ ಒತ್ತಡ ಇರುವುದಿಲ್ಲ. ನಡುಮಧ್ಯಾಹ್ನದ ಕೆಟ್ಟ ಬೆಳಕಿನಲ್ಲಿ ಜಾಗದ ಎಲುಬು ಮಾತ್ರ ಕಾಣುತ್ತದೆ: ಎಲ್ಲಿ ಇಳಿಜಾರು, ಎಲ್ಲಿ ತಗ್ಗು, ಯಾವ ಮರ ಯಾವುದಕ್ಕೆ ಅಡ್ಡ. ವಸಂತ ಇನ್ನೂ ಕಾಲಿಡುತ್ತಿರುವ ದಿನಗಳಲ್ಲಂತೂ ಹೆಚ್ಚಿನ ಮರಗಳು ಬೋಳು, ಒಳಗಿನ ತನಕ ನೋಟ ಹಾಯುತ್ತದೆ. ಮೂರು ವಾರ ಕಳೆದರೆ ಎಲೆ ತುಂಬಿ ಎಲ್ಲವೂ ಒಂದೇ ಹಸಿರು ಗೋಡೆ.

ನನಗೆ ಬೇಕಿದ್ದದ್ದು ಚಿಗುರು. ಬಿಸಿಲು ಹೆಚ್ಚು ಬೀಳುವ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೇಗ ಬೆಚ್ಚಗಾಗುತ್ತದೆ, ಮರಗಳೂ ಅಲ್ಲಿ ಮೊದಲು ಕಣ್ಣು ಬಿಡುತ್ತವೆ. ಎದುರಿನ ಉತ್ತರ ಮುಖದ್ದು ಇನ್ನೂ ಬೂದುಬಣ್ಣದಲ್ಲೇ ಇರುತ್ತದೆ. ಮೇಲೆ ಹತ್ತಿದಂತೆ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಂಪಾಗುವುದರಿಂದ ಋತುವೂ ಒಂದಷ್ಟು ಹಿಂದೆ ಉಳಿಯುತ್ತದೆ. ಎರಡು ದಿನದ ರಜೆಯಲ್ಲಿ ಋತುವಿಗಾಗಿ ವಾರಗಟ್ಟಲೆ ಕಾಯಲಾಗದು, ಆದರೆ ಸ್ವಲ್ಪ ಹತ್ತಿಯೋ ಇಳಿದೋ ಅದನ್ನು ಹಿಡಿಯಬಹುದು.

ಫೋನಿನಲ್ಲಿ ನಕ್ಷೆಯ ಎತ್ತರದ ರೇಖೆಗಳನ್ನು ನೋಡುತ್ತಾ ನಡೆದೆ. ರೂಮಿನಿಂದ ಇಪ್ಪತ್ತು ನಿಮಿಷದ ದಾರಿ, ರಸ್ತೆಯ ಒಂದು ತಿರುವು. ಬೆಳಿಗ್ಗೆ ಕಾರಿನಲ್ಲಿ ನಾಲ್ಕು ಸಲ ಅಲ್ಲೇ ಹಾದುಹೋಗಿದ್ದೆವು! ಅಲ್ಲಿ ರೇಖೆಗಳು ಸುತ್ತ ಒತ್ತೊತ್ತಾಗಿದ್ದು ಮಧ್ಯದಲ್ಲಿ ಸಡಿಲವಾಗಿದ್ದವು. ಎತ್ತರದ ಅಂಕಿ ಒಳಕ್ಕೆ ಹೋದಂತೆ ಇಳಿಯುತ್ತಿತ್ತು. ಅಂದರೆ ಸುತ್ತ ಕಡಿದಾದ, ನಡುವೆ ಸಮತಟ್ಟಾದ, ಬಟ್ಟಲಿನಂಥ ತಗ್ಗು. ಕೆಳಗೆ ಸಣ್ಣ ತೊರೆ, ಹುಲ್ಲು, ಜೌಗು. ಎಡಗಡೆಯ ಇಳಿಜಾರಿನಲ್ಲಿ ಒಂದೇ ಒಂದು ಮರ ಮೈತುಂಬ ಚಿಗುರಿ ನಿಂತಿತ್ತು. ಹಸಿರಲ್ಲ, ಕೆಂಪು. ಎಷ್ಟೋ ಮರಗಳ ಎಳೆಯ ಎಲೆ ಹಾಗೆಯೇ, ಹಸಿರು ತುಂಬಿಕೊಳ್ಳುವ ಮೊದಲು ಕೆಂಪು ವರ್ಣದ್ರವ್ಯ ಹೊತ್ತುಕೊಂಡೇ ಬರುತ್ತದೆ. ಬಾಗಿದ್ದ ಒಂದು ರೆಂಬೆ ಹಿಡಿದು ಎಲೆಯನ್ನು ಬಿಸಿಲಿಗೆ ಅಡ್ಡ ಇಟ್ಟೆ. ಬೆರಳಿನ ನೆರಳು ಆಚೆಯಿಂದ ಕಾಣುವಷ್ಟು ತೆಳು, ನರಗಳೆಲ್ಲ ಸ್ಪಷ್ಟ, ಮುಟ್ಟಿದರೆ ತುಸು ಅಂಟಂಟು.

ಪೂರ್ವಕ್ಕೆ ಕೈ ಚಾಚಿ ಅಳೆದೆ. ಅರ್ಧ ಮುಷ್ಟಿ. ಅಂದರೆ ಇಲ್ಲಿ ಬಿಸಿಲು ಬೀಳುವುದು 6.45ರ ಹೊತ್ತಿಗೆ. ಆಗ ಮರದ ಹಿಂದಿನ ಗುಡ್ಡ ಇನ್ನೂ ನೆರಳಲ್ಲೇ ಇರುತ್ತದೆ. ಕಪ್ಪು ಹಿನ್ನೆಲೆ, ಹಿಂದಿನಿಂದ ಬೆಳಕು ಹೊಕ್ಕ ಕೆಂಪು ಎಲೆ. ನಿಂತಲ್ಲೇ ನಾಲ್ಕು ಹೆಜ್ಜೆ ಆಚೀಚೆ ಹೋಗಿ, ಫೋನಿನಲ್ಲಿ ಒಂದು ಸಾದಾ ಚಿತ್ರ ತೆಗೆದು, ಕಾಲಬುಡದಲ್ಲಿ ಒಂದು ಚಪ್ಪಟೆ ಕಲ್ಲು ಗುರುತಿಟ್ಟೆ.

ಸಂಜೆಯ ಬಗ್ಗೆ ಹೇಳುವಂಥದ್ದೇನಿಲ್ಲ. ಐದನೇ ಪಿನ್ನು, ಸಾಧಾರಣ ಸೂರ್ಯಾಸ್ತ. ಆದರೆ ರಾತ್ರಿ ಗಾಳಿ ಪೂರ್ತಿ ನಿಂತಿತು, ಮೋಡ ಒಂದೂ ಇಲ್ಲ, ನೆಲ ಒದ್ದೆ. ತಗ್ಗಿನಲ್ಲಿ ಮಂಜು ಕೂರುವುದಕ್ಕೆ ಇದಕ್ಕಿಂತ ಒಳ್ಳೆಯ ರಾತ್ರಿ ಬೇಡ. ಗೆಳೆಯನಿಗೆ ಅಲಾರಂ ಇಡು ಅಂದರೆ, "ಮತ್ತೆ ಆ ರಜೆ ಹಾಕಿದ ಸೂರ್ಯನ ಹತ್ರಾನಾ?" ಅಂತ ಮಗ್ಗುಲಾದ. ಒಬ್ಬನೇ ನಡೆದುಕೊಂಡು ಹೋದೆ.

ಟಾರ್ಚ್ ಬೆಳಕಲ್ಲಿ ಕಲ್ಲು ಸಿಕ್ಕಿತು. ಟ್ರೈಪಾಡ್ ಬಿಚ್ಚಿದೆ. ಕ್ಯಾಮೆರಾ ಕೂರಿಸುವ ಪ್ಲೇಟ್ ಇಲ್ಲ! ಬ್ಯಾಟರಿ ಬದಲಿಸುವಾಗ ತೆಗೆದದ್ದು ಮೇಜಿನ ಮೇಲೇ ಉಳಿದಿದೆ. ಹೋಗಿ ಬರಲು ಹೊತ್ತಿಲ್ಲ. ಬ್ಯಾಗನ್ನು ಕಲ್ಲಿನ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಇಟ್ಟು, ಒದ್ದೆ ಹುಲ್ಲಿನಲ್ಲಿ ಬೋರಲು ಮಲಗಿದೆ. ಲೆನ್ಸಿನ ಮೇಲೆ ಎರಡೆರಡು ನಿಮಿಷಕ್ಕೆ ಇಬ್ಬನಿ. ಒರೆಸುವ ಬಟ್ಟೆ ನೆನೆದ ಮೇಲೆ ಬನಿಯನ್ನಿನ ಅಂಚೇ ಗತಿಯಾಯಿತು. ಒರೆಸಬಾರದು ಅಂತ ಗೊತ್ತು, ಒರೆಸಿದೆ.

ಮಂಜು ಬಟ್ಟಲಿನ ತುಂಬ ನಿಂತಿತ್ತು, ಮರದ ಬುಡದ ತನಕ. ಮೊದಲ ಚಿತ್ರಗಳಲ್ಲಿ ಅದು ಮಾಸಲು ಬೂದಿಯಂತೆ ಬಂತು. ಬಿಳಿಯನ್ನು ಕಂಡರೆ ಕ್ಯಾಮೆರಾದ ಮೀಟರ್ ಹೆದರಿ ಬೆಳಕು ತಗ್ಗಿಸುತ್ತದೆ. ಬೆಳಕನ್ನು ಒಂದು ಸ್ಟಾಪ್, ಅಂದರೆ ಎರಡರಷ್ಟಕ್ಕೆ, ಏರಿಸಿದೆ. 6.47ಕ್ಕೆ ಬಿಸಿಲು ಮೊದಲು ಮರದ ತುದಿಗೆ ತಾಗಿತು, ಆಮೇಲೆ ಎಳೆ ಎಳೆಯಾಗಿ ಕೆಳಗಿಳಿಯಿತು. ಕೆಂಪು ಉರಿದದ್ದು ಹತ್ತೇ ನಿಮಿಷ. ಅಷ್ಟರಲ್ಲಿ ಮಂಜು ಎದ್ದು ಮರವನ್ನೇ ನುಂಗಿತು. 38 ಚಿತ್ರಗಳಲ್ಲಿ ಅಲುಗಾಡದೆ ಬಂದವು ನಾಲ್ಕು. ಅದರಲ್ಲಿ ಒಂದು ನನಗೆ ಬೇಕಿದ್ದದ್ದು.

ಒಂಬತ್ತೂವರೆಗೆ ಊರಿಗೆ ಹೊರಟಾಗ ಆ ತಿರುವಿನಲ್ಲಿ ಕಾರು ನಿಲ್ಲಿಸಲು ಹೇಳಿದೆ. ಗೆಳೆಯ ಕ್ಯಾಮೆರಾದ ಪರದೆ ನೋಡಿದ, ಹೊರಗೆ ನೋಡಿದ. ಹುಲ್ಲು, ಜೌಗು, ಬಿಸಿಲಿಗೆ ಸಪ್ಪಗಾದ ಒಂದು ಮರ.

"ಇಲ್ಲೇನಾ? ಸುಳ್ಳು ಹೇಳ್ಬೇಡ."

ನಕ್ಷೆಯಲ್ಲಿ ಆ ಜಾಗಕ್ಕೆ ಹೆಸರಿರಲಿಲ್ಲ. ಹೊಸ ಪಿನ್ನು ಹಾಕಿ, "ಕೆಂಪು ಚಿಗುರು, ಮಾರ್ಚ್, 6.47, ಪ್ಲೇಟ್ ಮರೆಯಬೇಡ" ಅಂತ ಬರೆದುಕೊಂಡೆ. ಹಳೆಯ ಹನ್ನೊಂದರಲ್ಲಿ ಎಂಟನ್ನು ದಾರಿಯಲ್ಲೇ ಅಳಿಸಿದೆ.